ಕೇಳಿದ್ದಕ್ಕೆಲ್ಲ ‘ವೈ’

‘ಹೌದು’ ಅನ್ನುವುದಕ್ಕೇ ಪಗಾರ ತಗೊಂಡವನು ನಾನು. ಇಂಥವು ನನಗಲ್ಲದೆ ಇನ್ಯಾರಿಗೆ ಆಗಬೇಕು? ಶಿವ ಕೊಟ್ಟ ಪ್ರಸಾದ ಅಂತ ಕಣ್ಣಿಗೊತ್ತಿಕೊಂಡಿದ್ದೇನೆ. ಕಹಿ ಇತ್ತು, ಅಷ್ಟೆ.

ಕುರ್ಚಿ

ನಂದೂರಿನ ಒಂದು ದಾಲ್ ಮಿಲ್ಲಿನಲ್ಲಿ ಕಂಪ್ಯೂಟರ್ ಕೆಲಸ. ದಿನಾ ಸಂಜೆ ಕಮಲಾಪುರದ ಗೋದಾಮಿನ ಕಂಪ್ಯೂಟರಿನಿಂದ ಸರಕಿನ ಲೆಕ್ಕ ಎಳೆದುಕೊಳ್ಳಬೇಕು. ಅದು ಹೆಜ್ಜೆಹೆಜ್ಜೆಗೂ ನಿಂತು ‘ಮುಂದುವರಿಸಲೇ?’ ಅಂತ ಕೇಳುತ್ತದೆ. ನಾನು ಓದಿ, ಕಣ್ಣು ಮುಚ್ಚಿ ‘ಶಿವಾ’ ಅಂದು, ಆಮೇಲೆ ‘ಹೌದು’ ಅನ್ನುವ ‘ವೈ’ ಕೀಲಿ ಒತ್ತುತ್ತಿದ್ದೆ.

ಮಿಲ್ಲಿನ ಸಾಹುಕಾರರು ಒಂದಿನ ಹಿಂದೆ ಬಂದು ನಿಂತರು. “ಸ್ವಾಮೇರ, ಪಗಾರ ಕೆಲಸಕ್ಕ ಕೊಡಾಕತ್ತೀನೋ, ಜಪಕ್ಕೋ?”

ಅವರ ಅಳಿಯ ಕಂಪ್ಯೂಟರಿಗೆ ಒಂದು ಸ್ಕ್ರಿಪ್ಟ್ ಬರೆದರು. ಏನೇ ಕೇಳಲಿ, ತಾನೇ ‘ವೈ’ ಅನ್ನುತ್ತದಂತೆ.

“ನೀವಿನ್ನ ಬರೇ ನೋಡ್ರಿ ಸ್ವಾಮೇರ. ಈ ತಿಂಗಳು ಸರಿ ನಡೀತಂದ್ರ ನೋಡೋರೂ ಬ್ಯಾಡ,” ಅಂದರು ಸಾಹುಕಾರರು.

ಕುರ್ಚಿ ಹೋಗುವುದು ಖಾತ್ರಿ. ಅದು ಹೋಗುವವರೆಗೆ ಅದರಲ್ಲೇ ಕೂತು ನೋಡುವುದು ನನ್ನ ಕೆಲಸ.

ಇನ್ನೊಂದು ಪ್ರತಿ

ಮರುವಾರ ಕಮಲಾಪುರದಿಂದ ಗೋದಾಮು ನೋಡಿಕೊಳ್ಳುವ ಚಾಚಾ ಫೋನ್ ಮಾಡಿದರು. “ಸ್ವಾಮೇರ, ಪ್ರಿಂಟರ್ ನಿಂದ್ರವಲ್ದು. ಒಂದೇ ಕಾಗದ ಮತ್ತ ಮತ್ತ ಹೊಡ್ಯಾಕತ್ತದ.”

ನೋಡಿದರೆ ಅದು ‘ಇನ್ನೊಂದು ಪ್ರತಿ ಬೇಕೇ?’ ಅಂತ ಕೇಳುತ್ತಿದೆ. ಸ್ಕ್ರಿಪ್ಟ್ ‘ಬೇಕು’ ಅನ್ನುತ್ತಿದೆ. ಮತ್ತೆ ಕೇಳುತ್ತದೆ, ಮತ್ತೆ ‘ಬೇಕು’.

“ತೊಗರಿ ಚೀಲ ಸರಿಸಿ ಕಾಗದಕ್ಕ ಜಾಗಾ ಮಾಡೀನಿ. ಇವೂ ದಾಲ್ ಮಾಡೋವೇನ್ರಿ?” ಅಂದರು ಚಾಚಾ.

ಅಳಿಯಂದಿರಿಗೆ ಹೇಳಿದೆ. ಅವರ ಮುಖ ಅರಳಿತು. “ಅಂದ್ರ ನನ್ನ ಸ್ಕ್ರಿಪ್ಟ್ ಛಲೋ ನಡದದ.”

ಒಪ್ಪಿಗೆ

ಆಮೇಲೆ ಒಂದು ಸಂಜೆ ಹೊಸ ಪ್ರಶ್ನೆ ಬಂತು: ‘ಜಾಗ ಸಾಲದು. ಹಳೆಯದೆಲ್ಲ ಅಳಿಸಲೇ?’ ನಾನು ಓದಿ ಮುಗಿಸುವಷ್ಟರಲ್ಲಿ ಉತ್ತರ ಹೋಗಿತ್ತು. ‘ಖಂಡಿತವೇ?’ ಅಂತಲೂ ಕೇಳಿತು ಪಾಪ. ಅದಕ್ಕೂ ಹೋಯಿತು. ಗೋದಾಮಿನ ತುಂಬ ತೊಗರಿ, ಕಂಪ್ಯೂಟರಿನಲ್ಲಿ ಒಂದು ಕಾಳೂ ಇಲ್ಲ.

ಸಾಹುಕಾರರು ಕರೆಸಿದರು. “ಹೌದು ಅಂದೋರು ಯಾರು?”

ಅಳಿಯಂದಿರು ಛಾವಣಿ ನೋಡಿದರು. “ಕುರ್ಚಿ ಮ್ಯಾಲ ಕುಂತೋರು ಅವರ್ರೀ.”

“ಬರೇ ನೋಡ್ರಿ ಅಂದಿದ್ರಿ. ನೋಡಿದ್ನಿರೀ,” ಅಂದೆ.

ಸಾಹುಕಾರರು ಒಮ್ಮೆ ಅವರನ್ನು ನೋಡಿದರು, ಒಮ್ಮೆ ನನ್ನನ್ನು. ಅಳಿಯನನ್ನು ಕೆಲಸದಿಂದ ಬಿಡಿಸಲಿಕ್ಕಾಗುತ್ತದೆಯೇ? ಆಮೇಲೆ ಮೆತ್ತಗೆ, “ಸ್ವಾಮೇರ, ನಾಳಿಂದ ಬರಬ್ಯಾಡ್ರಿ. ನಿಮ್ಮ ಒಪ್ಪಿಗೀನೂ ಅದ ಅಲ್ಲರಿ?” ಅಂದರು.

ಇಷ್ಟು ವರ್ಷದಲ್ಲಿ ಯಾರಾದರೂ ನನ್ನನ್ನೇ ಕೇಳಿದ್ದು ಅದೇ ಮೊದಲು. ರೂಢಿಯಂತೆ ಕಣ್ಣು ಮುಚ್ಚಿದೆ. ‘ಶಿವಾ’ ಅನ್ನಲು ಇನ್ನೂ ಬಾಯಿ ತೆರೆಯುತ್ತಿದ್ದೆ.

ಪಕ್ಕದಿಂದ ಅಳಿಯಂದಿರು ಅಂದರು, “ಹೌದ್ರಿ ಮಾವಾರ, ಅದ.”