ಸಾಲು ಕಿಟಕಿಗಳ ಮನೆ

ನನ್ನ ಆಯುಷ್ಯದಲ್ಲಿ ನಾನು ಹೆಂಡತಿಗೆ ಒಂದೇ ಒಂದು ಮನೆ ತಂದುಕೊಟ್ಟೆ. ತಲೆಯ ಮೇಲೆ ಹೊತ್ತು ತಂದೆ. ಮೂರನೆಯ ದಿನ ವಾಪಸು ಕೊಟ್ಟೆ!

ಇದು ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಆಗ ನಾನು ಪುಣೆಯ ಒಂದು ಕಾಲೇಜಿನಲ್ಲಿ, ಕಟ್ಟಡಗಳ ವಿನ್ಯಾಸ ಕಲಿಸುವ ವಿಭಾಗದಲ್ಲಿ ಕಾರಕೂನನಾಗಿದ್ದೆ. ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ ಬಂದವನು. ಮ್ಯಾಟ್ರಿಕ್ ಪಾಸಾದವನ ಕೈಯಲ್ಲಿ ಆಗದ ಕೆಲಸ ಈ ಭೂಮಂಡಲದಲ್ಲಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಆ ನಂಬಿಕೆ ಇದ್ದದ್ದು ನನಗೊಬ್ಬನಿಗೇ.

ಆ ವರ್ಷ ನಮ್ಮ ಪ್ರಾಧ್ಯಾಪಕರಿಗೆ ಕೀರ್ತಿಯ ಸುಗ್ಗಿ. ಒಬ್ಬರು ಶಾಲೆಯ ಮಕ್ಕಳ ಬೆನ್ನು ನೋಯದಂಥ ಬೆಂಚನ್ನು ರೂಪಿಸಿ ಹೆಸರು ಪಡೆದಿದ್ದರು. ಕಾರಕೂನರಿಗೂ ಬೆನ್ನಿದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಇನ್ನೊಬ್ಬರು ಪುಣೆಯ ಹಳೆಯ ವಾಡೆಗಳ ಮರದ ಕಂಬಗಳ ಮೇಲೆ ಬರೆದ ಲೇಖನ ವಿಲಾಯತಿಯ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಎಲ್ಲರಿಗಿಂತ ಮೇಲು ಸಾಠೆ ಸರ್. ಅವರ ಒಂದು ಕಟ್ಟಡದ ವಿನ್ಯಾಸಕ್ಕೆ ಮುಂಬಯಿಯ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದಿತ್ತು. ಮೂವರಿಗೂ ಕಾಲೇಜಿನಲ್ಲಿ ಸತ್ಕಾರ ಸಮಾರಂಭ. ಸಾಠೆಯವರು ಕೈಯಾರೆ ಮಾಡಿದ ಕಟ್ಟಡದ ಮಾದರಿಯನ್ನು ವೇದಿಕೆಯ ಮೇಲೆ ಇಡುವುದೆಂದು ಗೊತ್ತಾಗಿತ್ತು. ರಟ್ಟು, ತೆಳು ಹಲಗೆ, ಪ್ಲಾಸ್ಟರುಗಳಿಂದ ತಿಂಗಳುಗಟ್ಟಲೆ ಕೂತು ಮಾಡಿದ್ದು. ಮದುವೆಮನೆಯಲ್ಲಿ ಹಿಟ್ಟು ನಾದುವ ಪರಾತದಷ್ಟು ಅಗಲ, ಹಾಲಿನಂಥ ಬಿಳುಪು.

ಅದು ಭಾದ್ರಪದ. ಜಡಿಮಳೆ. ಕಟ್ಟಡ ಕಟ್ಟುವುದನ್ನು ಊರಿಗೆಲ್ಲ ಕಲಿಸುವ ನಮ್ಮ ವಿಭಾಗದ ಮಾಡು ಸೋರುತ್ತಿತ್ತು!

“ಮಾದರಿ ತೊಯ್ದರ ನನ್ನ ಕಥಿ ಮುಗೀತು,” ಎಂದರು ಸಾಠೆ. ಮರಾಠಿಗರಾದರೂ ಬೆಳಗಾವಿಯಲ್ಲಿ ಬೆಳೆದವರು; ನನ್ನ ಜೊತೆ ಕನ್ನಡದಲ್ಲೇ ಮಾತು.

“ಚಿಂತಿ ಬಿಡ್ರಿ ಸರ್. ನಮ್ಮ ಮನ್ಯಾಗ ಇಟ್ಟು, ನಾಡಿದ್ದು ಮುಂಜಾನೆ ಸುರಕ್ಷಿತ ತಂದು ಮುಟ್ಟಸ್ತೀನಿ,” ಎಂದೆ.

ಕೊಡೆಯನ್ನು ಮಾದರಿಗೆ ಹಿಡಿದು, ಮಳೆಯನ್ನು ನನಗೆ ಇಟ್ಟುಕೊಂಡು ಮನೆಗೆ ಬಂದೆ.

ಮನೆ ಎಂದರೆ ಹತ್ತಾರು ಸಂಸಾರಗಳು ತುಂಬಿದ ವಾಡೆಯಲ್ಲಿ ಬಾಡಿಗೆಯ ಒಂದು ಖೋಲಿ. ಅದಕ್ಕೊಂದು ಕಿಟಕಿ. ಕಿಟಕಿ ತೆಗೆದರೆ ಪಕ್ಕದ ವಾಡೆಯ ಗೋಡೆ ಕೈಗೆ ಸಿಗುತ್ತಿತ್ತು. ಒಲೆಯ ಹೊಗೆ ಹೊರಗೆ ಹೋಗಲು ಹೊರಟು, ಆ ಗೋಡೆಯನ್ನು ಮುಟ್ಟಿ, ಮನಸ್ಸು ಬದಲಿಸಿ ಒಳಗೆ ಬರುತ್ತಿತ್ತು. ನನ್ನ ಹೆಂಡತಿ ಗೋದಾ ಆರು ವರ್ಷಗಳಿಂದ ಆ ಹೊಗೆಯಲ್ಲೇ ರೊಟ್ಟಿ ಬಡಿದಿದ್ದಳು.

ಮಾದರಿಯನ್ನು ಇಳಿಸಿದ ಕೂಡಲೇ ಅವಳು ಮೊಣಕಾಲೂರಿ ಕೂತು, ಒಂದು ಕಣ್ಣು ಮುಚ್ಚಿ, ಇನ್ನೊಂದರಿಂದ ಕಿಟಕಿಯೊಳಗೆ ಇಣುಕಿದಳು. ನಡುವೆ ಅಂಗಳ, ಸುತ್ತಲೂ ಕೋಣೆಗಳು, ಪ್ರತಿ ಕೋಣೆಗೂ ಒಂದೊಂದು ಕಿಟಕಿ.

“ಅಯ್ಯ! ಎಷ್ಟ ಛಂದ ಅದರೀ! ಯಾರ ಮನೀರೀ ಇದು?”

“ನಮ್ಮದ,” ಎಂದೆ.

ಚೇಷ್ಟೆಗೆ ಅಂದದ್ದು. ಮರುಕ್ಷಣ ನಗಬೇಕೆಂದಿದ್ದೆ. ಆದರೆ ಅವಳು ತಲೆಯೆತ್ತಿ ನನ್ನನ್ನು ನೋಡಿದಳು. ಮದುವೆಯಾದ ಮೇಲೆ ಅವಳು ನನ್ನನ್ನು ಹಾಗೆ ನೋಡಿರಲಿಲ್ಲ. ನಗುವುದು ಮರೆಯಿತು. ನಾಲಿಗೆ ಮಾತ್ರ ಮುಂದುವರಿಯಿತು.

“ಬಿಬವೇವಾಡಿ ಕಡೆ ಹೊಲದಾಗ ಒಂದು ತುಂಡು ಜಾಗಾ ನೋಡೀನಿ. ಸಾಠೆ ಸರ್ ನಮಗಂತನ ಮಾಡಿಕೊಟ್ಟಾರ.”

ಈಗ ಸತ್ಯ ಹೇಳಿಬಿಡುತ್ತೇನೆ. ಬಹುಮಾನ ಪಡೆದ ಆ ಕಟ್ಟಡ ಊರಾಚೆ ಖಡಕಿಯಲ್ಲಿದ್ದ ದಂಡಿನ ಕುದುರೆಗಳಿಗಾಗಿ ಯೋಜಿಸಿದ ಲಾಯ!

ಮರುದಿನ ಬೆಳಿಗ್ಗೆ ಹೇಳಬೇಕೆಂದುಕೊಂಡೆ. ಅವಳು ಹಾಡು ಗುನುಗುತ್ತ ಚಹಾ ಕೊಟ್ಟಳು. ಸಂಜೆ ಹೇಳಿದರಾಯಿತು ಎಂದು ಕಾಲೇಜಿಗೆ ಹೋದೆ.

ಸಂಜೆ ಬಂದಾಗ ಗೌರಿ ಬಂದು ಕೂತಿದ್ದಳು. ಎಲ್ಲಿ? ಲಾಯದ ಅಂಗಳದಲ್ಲಿ! ಗೋದಾ ತವರಿನಿಂದ ತಂದಿದ್ದ ಪುಟ್ಟ ಹಿತ್ತಾಳೆಯ ಗೌರಿ, ಕುದುರೆಗಳನ್ನು ಸುತ್ತಾಡಿಸುವ ಜಾಗದಲ್ಲಿ ಹಸಿರು ಖಣ ಉಟ್ಟು ವಿರಾಜಮಾನಳಾಗಿದ್ದಳು. ಬಾಗಿಲು ಬಾಗಿಲಿಗೂ ಅರಿಷಿಣ ಕುಂಕುಮ. ಲಾಯದ ಉದ್ದಕ್ಕೂ ಮಾವಿನೆಲೆಯ ತೋರಣ.

“ಗೋದಾ! ಇದನ್ನ ನಾಳೆ ಮುಂಜಾನೆ ಒಯ್ಯಬೇಕ!”

“ಹೆಂಗ ಒಯ್ತೀರಿ? ಕೂತ ಗೌರೀನ ಕದಲಸ್ತಾರೇನು? ನಾಳೆ ಪೂಜಿ, ನಾಡಿದ್ದು ಕಳಸೂದು. ಆಮ್ಯಾಲ ಒಯ್ರಿ. ಈ ಸಲ ಆಕೀನೂ ಗಾಳಿ ಬೆಳಕ ಇರೋ ಮನ್ಯಾಗ ಕೂಡಲಿ.”

ಮರುದಿನ ನಸುಕಿನಲ್ಲಿ ಗೋದಾ ನೀರಿಗೆ ಹೋದ ಸಮಯ ಸಾಧಿಸಿ ನಾನು ಕಾರ್ಯಪ್ರವೃತ್ತನಾದೆ. ಒದ್ದೆ ಬಟ್ಟೆಯಿಂದ ಕುಂಕುಮ ಒರೆಸಿದೆ. ಬೊಟ್ಟುಗಳು ಹೋದವು. ಗೋಡೆಯೇ ಗುಲಾಬಿಯಾಯಿತು! ಒಂದು ಗೋಡೆ ಗುಲಾಬಿ, ಮೂರು ಬಿಳಿ ಇದ್ದರೆ ಅಸಹ್ಯವೆಂದು ಉಳಿದವನ್ನೂ ಒರೆಸಿದೆ. ರಟ್ಟು ನೀರು ಕುಡಿದು ಉಬ್ಬಿತು. ಉಬ್ಬಿದ್ದನ್ನು ಒತ್ತಿದೆ. ಛಾವಣಿಯ ಒಂದು ಮೂಲೆ ಕುಸಿಯಿತು. ಅದಕ್ಕೆ ಊದಿನಕಡ್ಡಿಯ ಆಸರೆ ಕೊಟ್ಟೆ. ಕಟ್ಟಡ ವಿನ್ಯಾಸಕ್ಕೆ ನಾನು ಸಲ್ಲಿಸಿದ ಕೊಡುಗೆ ಇಷ್ಟು.

ಕಾಲೇಜಿಗೆ ಹೋಗುವ ಧೈರ್ಯವಾಗದೆ ಮೂಲೆಯಲ್ಲಿ ಕೂತೆ. ಮಧ್ಯಾಹ್ನದ ಹೊತ್ತಿಗೆ ಅರಿಷಿಣ ಕುಂಕುಮಕ್ಕೆಂದು ವಾಡೆಯ ಹೆಂಗಸರೆಲ್ಲ ನಮ್ಮ ಖೋಲಿಯಲ್ಲಿ ಸೇರಿದ್ದರು. ಅಷ್ಟರಲ್ಲಿ ಹೊರಗೆ ಟಾಂಗಾ ನಿಂತಿತು. ಕಾದು ಕಾದು ಸಾಕಾಗಿ ಸಾಠೆ ಸರ್ ತಾವೇ ಬಂದಿದ್ದರು!

ಎದುರು ಖೋಲಿಯ ಕಮಲಾಬಾಯಿ, ಬಾಗಲಕೋಟೆ ಕಡೆಯವಳು, ಬಾಯಿ ಜೋರು. ಅವರ ಗುರುತೂ ಕೇಳದೆ ಒಳಗೆ ಕರೆದಳು.

“ಬರ್ರಿ ಸಾಹೇಬ್ರ, ಗೋದಾನ ಹೊಸಾ ಮನಿ ನೋಡ್ರಿ! ಸೊಸಿಗೊಂದು ಖೋಲಿ, ಮಗಳಿಗೊಂದು ಖೋಲಿ. ಇಲ್ಲಿ ಉದ್ದಕ ಬಾನಿ ಕಟ್ಟ್ಯಾರಲ್ಲ, ಭಾಂಡೆ ತೊಳೀಲಿಕ್ಕೆ. ನಮ್ಮನಿಯವರಿಗೆ ಇಂಥಾದ್ದು ಯಾವಾಗ ಬುದ್ಧಿ ಬರತದೋ!”

ಕುದುರೆಗಳು ನೀರು ಕುಡಿಯುವ ಬಾನಿಯನ್ನು ಸಾಠೆ ನೋಡಿದರು. ಗುಲಾಬಿ ಗೋಡೆ ನೋಡಿದರು. ಊದಿನಕಡ್ಡಿ ನೋಡಿದರು. ಕೊನೆಗೆ ನನ್ನನ್ನು ನೋಡಿದರು. ಬಯ್ಯಲಿಲ್ಲ. ಗೋದಾಳತ್ತ ತಿರುಗಿ ಮೆಲ್ಲಗೆ ಕೇಳಿದರು.

“ಮನಿ ಹೆಂಗ ಅನಸ್ತದ ತಂಗೀ?”

ಗೋದಾ ಸೆರಗು ಹೊದ್ದುಕೊಂಡು ಹೇಳಿದಳು: “ನೀವ ಮಾಡಿದ್ದೇನ್ರಿ? ಎಲ್ಲಾ ಭಾಳ ಛಲೋ ಅದರೀ. ಅದರಾಗೂ ಬಾಗಲಾ ನಡುವ ಕೊಯ್ದು ಎರಡು ಮಾಡೀರಲ್ಲಾ, ಅದು ನನಗ ಪಸಂದ ಬಂತು. ಕೆಳಗಿಂದು ಹಾಕಿ ಮ್ಯಾಲಿಂದು ತಗದರ ಕೂಸು ಹೊರಗ ಓಡೂದಿಲ್ಲ, ಗಾಳಿ ಒಳಗ ಬರತದ.”

ನಮಗಿನ್ನೂ ಮಕ್ಕಳಾಗಿರಲಿಲ್ಲ.

ಸಾಠೆಯವರು ತಲೆಯಾಡಿಸಿದರು. ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ನೌಕರಿ ಹೋಗುತ್ತದೆಂಬ ಹೆದರಿಕೆ. ಎಲ್ಲರ ಎದುರಿಗೆ ಕೂಗಿದೆ:

“ಸರ್, ಇದು ಕುದರಿ ಲಾಯ ಅಂತ ನಾ ಮೊದಲ ದಿನಾನ ಹೇಳೀನ್ರಿ! ಇಕೀಗೆ ತಿಳೀಲಿಲ್ಲ!”

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲ್ಲರೂ.

ಗೋದಾ ನನ್ನನ್ನು ನೋಡಲಿಲ್ಲ, ನಾನು ಹೇಳಿದ್ದು ಸುಳ್ಳೆಂದು ಯಾರಿಗೂ ಹೇಳಲೂ ಇಲ್ಲ. ಗೌರಿಯ ಮುಂದೆ ಒಂದು ತುತ್ತು ಮೊಸರನ್ನ ಇಟ್ಟಳು. “ತಪ್ಪಾತವ್ವಾ, ಇದು ನಮ್ಮದಲ್ಲಂತ,” ಎಂದು ಎತ್ತಿ ಪಕ್ಕದ ಮಣೆಯ ಮೇಲೆ ಕೂಡಿಸಿದಳು. ತೋರಣ ಬಿಚ್ಚಿದಳು. ತಾನೇ ಮಾದರಿಯನ್ನು ಟಾಂಗಾದವರೆಗೆ ಹಿಡಿದು ಹೋದಳು, ಎಳೆಗೂಸನ್ನು ಹಿಡಿದ ಹಾಗೆ.

ಸಂಜೆ ಸಮಾರಂಭದಲ್ಲಿ ಮುಂಬಯಿಯಿಂದ ಬಂದ ಮುಖ್ಯ ಅತಿಥಿಗಳು, ಗೋಡೆಯೇಕೆ ಗುಲಾಬಿ ಎಂದು ಕೇಳಿದರು. ಬಾಗಿಲ ಬಳಿ ನಿಂತಿದ್ದ ನಾನು ಅದರ ಮರೆಗೆ ಸರಿದೆ. ಸಾಠೆ ಎದ್ದು ನಿಂತು ಹೇಳಿದರು: “ಪರೀಕ್ಷಕರು ಇದನ್ನು ನೋಡಿ ಬಹುಮಾನ ಕೊಟ್ಟರು. ಒಬ್ಬ ಹೆಣ್ಣುಮಗಳು ಇದರಲ್ಲಿ ಇರಬೇಕೆಂದು ಆಸೆಪಟ್ಟು ಕುಂಕುಮ ಹಚ್ಚಿದಳು. ನನಗೆ ದೊಡ್ಡದು ಎರಡನೆಯದು.” ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವನು ನಾನು, ನಾಚಿಕೆಗೇಡಿ!

ಮನೆಗೆ ಬಂದಾಗ ಗೋದಾ ಒಂದೇ ಮಾತು ಕೇಳಿದಳು.

“ಕುದರಿಗೆ ಒಂದೊಂದು ಕಿಟಕಿ ಏನ್ರೀ?”

“ಹೂಂ.”

“ಇರಲಿ. ಅವೇನ ಸುಳ್ಳ ಹೇಳ್ಯಾವ?”

ಮುಂದೆ ಖಡಕಿಯಲ್ಲಿ ಆ ಲಾಯ ಎದ್ದಿತು. ಒಂದು ದಿನ ಅವಳೇ ಕೇಳಿದ್ದಕ್ಕೆ ಕರೆದುಕೊಂಡು ಹೋದೆ. ನಮ್ಮಂಥವರಿಗೆ ಒಳಗೆ ಪ್ರವೇಶವಿಲ್ಲ. ರಸ್ತೆಯ ಈಚೆಯಿಂದಲೇ ನೋಡಿದೆವು. ಅರ್ಧ ಬಾಗಿಲ ಮೇಲಿಂದ ಒಂದು ಕುದುರೆ ಕತ್ತು ಹೊರಗೆ ಹಾಕಿ ಗಾಳಿ ಕುಡಿಯುತ್ತಿತ್ತು.

“ನೋಡ್ರಿ, ನನ್ನ ಅಡಗೀಮನ್ಯಾಗ ಯಾರ ನಿಂತಾರ!” ಎಂದು ನಕ್ಕಳು ಗೋದಾ. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಲ್ಲಿ ಹೊಗೆಯಿರಲಿಲ್ಲ.

ಗೋದಾ ಹೋಗಿ ಆರು ವರ್ಷವಾಯಿತು. ನಾನು ಅದೇ ಖೋಲಿಯಲ್ಲಿದ್ದೇನೆ. ಪಕ್ಕದ ವಾಡೆ ಮೊನ್ನೆಯ ಮಳೆಗೆ ಬಿತ್ತು. ಈಗ ನಮ್ಮ ಕಿಟಕಿಗೆ ಗಾಳಿ ಬರುತ್ತದೆ, ಪರ್ವತಿಯ ಗುಡ್ಡ ಕಾಣುತ್ತದೆ. ಸಂಜೆ ಸಂಜೆ ಕತ್ತು ಹೊರಗೆ ಹಾಕಿ ನಿಲ್ಲುತ್ತೇನೆ. “ಗೋದಾ, ಬಾ, ಗಾಳಿ ಬಂದದ,” ಎನ್ನುತ್ತೇನೆ. ಬೀದಿಯವರಿಗೆ ನಾನು ಹೇಗೆ ಕಾಣುತ್ತೇನೆಂದು ನನಗೆ ಗೊತ್ತು. ಕುದುರೆಯ ಹಾಗೆಯೇ!

ಆದರೆ ಕುದುರೆಗೆ ಆ ಗಾಳಿ ಮೊದಲ ದಿನವೇ ಸಿಕ್ಕಿತ್ತು.