ಬ್ಯಾಕ್ಟೀರಿಯಾಕ್ಕೆ ಫುಟ್‌ವಾಲ್ವು ಹಾಕಿದ್ದು

ನನ್ನದು ಮಾತು ಕಡಿಮೆ. ಮಾತು ಕಡಿಮೆಯಾದರೆ ತಂಟೆಯೂ ಕಡಿಮೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ಸುಮ್ಮನಿದ್ದರೆ ಜನ ಒಪ್ಪಿಕೊಂಡ ಎಂದು ತಿಳಿದು ಕೆಲಸ ಹೊರಿಸಿ ಹೋಗುತ್ತಾರೆ. ಮಂಡ್ಯದಲ್ಲಿ ನಲವತ್ತು ವರ್ಷದಿಂದ ಬೋರ್‌ವೆಲ್ ಪಂಪು ರಿಪೇರಿ ಮಾಡುತ್ತಿದ್ದೇನೆ. ಇಂಥವು ಬಹಳ ಆಗಿವೆ. ಈಚಿನದು ಮಾತ್ರ ಬರೆಯುತ್ತೇನೆ.

ಎಷ್ಟು ಇಂಚು?

ನಮ್ಮ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿ ಮದ್ದೂರಿನ ಒಂದು ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಪಾಠ ಹೇಳುತ್ತಾಳೆ. ಊರು ಮಳವಳ್ಳಿ. ಕೆಲಸ ಕಾಯಂ ಅಲ್ಲ. ಒಂದು ಬೆಳಿಗ್ಗೆ ಫೋನು ಹಿಡಿದು ಅಂಗಡಿಗೆ ಬಂದಳು.

"ಅಪ್ಪಾಜಿ, ಇದೊಂದು ಮಾಡ್ಕೊಡ್ತೀರಾ?"

ಚಿತ್ರ ನೋಡಿದೆ. ಕೆಳಗೆ ಮೋಟಾರು. ಮೇಲೆ ಎರಡು ಜೊತೆ ಫ್ಲೇಂಜು, ಅಂದರೆ ಪೈಪು ಬಿಗಿಯುವ ಬಳೆ. ಅದರ ಮೇಲೆ ಉದ್ದ ಪೈಪು.

"ಸಬ್‌ಮರ್ಸಿಬಲ್ ಪಂಪು," ಅಂದೆ.

"ಅಲ್ಲ ಅಪ್ಪಾಜಿ. ಬ್ಯಾಕ್ಟೀರಿಯಾದ ಮೈಮೇಲಿರೋ ಸೂಜಿ."

ಬಿಡಿಸಿ ಹೇಳಿದಳು. ಈ ಜಾತಿಯ ಬ್ಯಾಕ್ಟೀರಿಯಾಕ್ಕೆ ಒಂದರೊಳಗೊಂದು ಎರಡು ಪೊರೆ. ಎರಡರಲ್ಲೂ ಉಂಗುರಗಳು ನಾಟಿಕೊಂಡಿರುತ್ತವೆ. ಉಂಗುರಗಳ ನಡುವಿನಿಂದ ಟೊಳ್ಳು ಸೂಜಿ ಹೊರಗೆ ಚಾಚಿರುತ್ತದೆ. ಅದರ ತುದಿ ಬೇರೆ ಜೀವಿಯ ಕೋಶಕ್ಕೆ ತಾಗಿದ ಕೂಡಲೇ ಬ್ಯಾಕ್ಟೀರಿಯಾ ತನ್ನ ಪ್ರೋಟೀನನ್ನು ಆ ಕೋಶದೊಳಕ್ಕೆ ನೂಕುತ್ತದೆ. ತಾಗದಿದ್ದರೆ ನೂಕುವುದಿಲ್ಲ.

"ತುದೀಲಿ ಫುಟ್‌ವಾಲ್ವು," ಅಂದೆ. ಬಾವಿಗಿಳಿಸುವ ಪೈಪಿನ ಬಾಯಲ್ಲಿ ಇಂಥದ್ದೇ ಬಾಗಿಲಿರುತ್ತದೆ.

"ಹ್ಞೂಂ, ಹಂಗೇಯ. ಬರೋ ತಿಂಗಳು ಕಾಲೇಜಿಗೆ ತಪಾಸಣೆಯವ್ರು ಬತ್ತಾರೆ. ಮಕ್ಕಳು ಕಮ್ಮಿ, ಈ ವಿಭಾಗ ಮುಚ್ಚೋಣ ಅಂತಾವ್ರೆ. ಕಣ್ಣಿಗೆ ಕಾಣೋ ಹಂಗೆ ಏನಾರ ತೋರಿಸ್ದೇ ಇದ್ರೆ ನನ್ನ ಕೆಲ್ಸ ಹೋಯ್ತು."

ಸುಮ್ಮನಿದ್ದೆ. ಒಪ್ಪಿದೆ ಎಂದುಕೊಂಡಳು.

"ಎಷ್ಟು ಇಂಚು?" ಅಂತ ಕೇಳಿದೆ.

"ಇಂಥಾವು ಹತ್ತು ಸಾವಿರ ಒಂದರ ಮೇಲೊಂದು ನಿಲ್ಸಿದ್ರೆ ಒಂದು ಮಿಲಿಮೀಟ್ರು."

ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ.

"ವಾಷರ್ ಸಿಗಕಿಲ್ಲ ಕಣವ್ವ."

ಲಾಡಿ

ನಾಲ್ಕಡಿಗೆ ಒಪ್ಪಿದಳು. ಪ್ಲಾಸ್ಟಿಕ್ ಪೈಪು, ಹಳೇ ಫ್ಲೇಂಜು, ತುದಿಯಲ್ಲಿ ಫುಟ್‌ವಾಲ್ವು, ತಳದಲ್ಲಿ ಕೈಯಿಂದ ತಿರುಗಿಸುವ ಹ್ಯಾಂಡಲ್ಲು. ಪ್ರೋಟೀನಿಗೆ ಒಂದು ಬಟ್ಟೆಯ ಉಂಡೆ ಮಾಡಿದೆ. ಅದು ಪೈಪಿನೊಳಗೆ ಹೋಗಲಿಲ್ಲ.

"ಪೈಪು ದಪ್ಪ ಮಾಡ್ತೀನಿ," ಅಂದೆ.

"ಮಾಡಂಗಿಲ್ಲ ಅಪ್ಪಾಜಿ. ನಿಜವಾದ್ದೂ ಅಷ್ಟೇ ಸಣ್ಣ."

"ಮತ್ತೆ ಅದೆಂಗೆ ಹೋಯ್ತದೆ?"

ಅವಳು ಪುಸ್ತಕ ತೆಗೆದಳು. ಮೂರು ದಿನ ಇಬ್ಬರೂ ಆ ಪೈಪಿನ ಮುಂದೆ ಕೂತೆವು. ನಾಲ್ಕನೇ ದಿನ ನನ್ನ ಹೆಂಡತಿ ಕಾಫಿ ತಂದಳು. ಉಂಡೆ ನೋಡಿದಳು, ಪೈಪು ನೋಡಿದಳು.

"ಲಂಗಕ್ಕೆ ಲಾಡಿ ಉಂಡೆ ಮಾಡಿ ಹಾಕ್ತಾರಾ? ಬಿಡಿಸಿ, ತುದಿಗೆ ಪಿನ್ನು ಚುಚ್ಚಿ ತಳ್ಳಿ."

ಹುಡುಗಿ ಎದ್ದು ನಿಂತಳು. "ಅಮ್ಮಾ, ಬ್ಯಾಕ್ಟೀರಿಯಾನೂ ಅದನ್ನೇ ಮಾಡದು! ತಳದ ಮೋಟಾರು ಪ್ರೋಟೀನಿನ ಮಡಿಕೆ ಬಿಡಿಸಿ ದಾರದ ಹಂಗೆ ಒಳಕ್ಕೆ ಬಿಡ್ತದೆ."

ಪಿನ್ನಿನ ಬದಲು ಸ್ಕೂಟರಿನ ಕ್ಲಚ್ ವೈರು ಹಾಕಿ ಅದಕ್ಕೆ ಕೆಂಪು ಪಟ್ಟಿ ಹೊಲಿಸಿದೆ. ಸರಾಗ ಹೋಯಿತು.

"ಇದುಕ್ಕೆ ಕಾಲೇಜು ಬೇರೆ ಕೇಡು," ಅಂದು ಹೆಂಡತಿ ಲೋಟ ತೆಗೆದುಕೊಂಡು ಹೋದಳು.

ಮೊಣಕಾಲು

ಮಳವಳ್ಳಿಯಲ್ಲಿ ಹುಡುಗಿಯ ತಾಯಿ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಮಗಳು ಮಂಡ್ಯದಲ್ಲಿ ಹೊಸಾ ತರದ ಸೂಜಿ ಮಾಡಿಸುತ್ತಿದ್ದಾಳೆ ಅಂತ. ಒಂದು ಭಾನುವಾರ ಅವರ ಪಕ್ಕದ ಮನೆಯವನು ಕೋಲೂರಿಕೊಂಡು ನಮ್ಮ ಅಂಗಡಿಗೆ ಬಂದ. ಬಸ್‌ಸ್ಟ್ಯಾಂಡಿನಿಂದ ಆಟೋ. ಇಳಿಯಲು ಇಬ್ಬರು ಹಿಡಿಯಬೇಕಾಯಿತು.

"ಮೊಣಕಾಲು ನೋವು ಸಾಮಿ. ಎರಡು ವರ್ಸ ಆಯ್ತು. ಒಂದು ಸೂಜಿ ಆಕ್ಸವ್ವ ಅಂತ ಕೇಳವಾ ಅಂತ ಬಂದೆ. ಎಲ್ಲದೆ ಸೂಜಿ?"

ಒಳಗೆ ಕೈ ತೋರಿಸಿದೆ.

ನಾಲ್ಕಡಿಯದನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ.

ಕೋಲು ಇನ್ನೂ ನಮ್ಮ ಅಂಗಡಿಯಲ್ಲೇ ಇದೆ.

ಸಕ್ಕರೆ

ಕೊತ್ತತ್ತಿಯ ನನ್ನ ಹಳೇ ಗೆಳೆಯನೊಬ್ಬ ಪಂಪು ತಂದಿದ್ದ. ಗದ್ದೆಯಲ್ಲಿ ಭತ್ತದ ಗರಿ ತುದಿಯಿಂದ ಒಣಗುತ್ತಿದೆ ಅಂತ ಗೊಣಗುತ್ತಿದ್ದ. ಹುಡುಗಿ ಫೋನಿನಲ್ಲಿ ಗರಿಯ ಫೋಟೋ ನೋಡಿದಳು.

"ಇದೂ ಸೂಜಿ ಇರೋ ಬ್ಯಾಕ್ಟೀರಿಯಾನೇ ಇರ್ಬೇಕು ಮಾವ. ಗಿಡದ ಗೋಡೆ ದಪ್ಪ, ಅದ್ಕೇ ಇದರ ಸೂಜಿ ಇನ್ನೂ ಉದ್ದ."

"ಚುಚ್ಚಿ ಏನ್ ಮಾಡ್ತದವ್ವ?"

"ಒಳಕ್ಕೆ ಒಂದು ಪ್ರೋಟೀನು ಕಳಿಸ್ತದೆ. ಅದು ಹೋಗಿ ಗಿಡದ ಸಕ್ಕರೆ ಬಾಗಿಲು ತೆಗೆಸ್ತದೆ. ಗಿಡ ತಾನೇ ಸಕ್ಕರೆ ಹೊರಗೆ ಬುಡ್ತದೆ, ಇದು ಕೂತ್ಕೊಂಡು ತಿಂತದೆ."

ಗೆಳೆಯ ನನ್ನ ಕಡೆ ತಿರುಗಿದ.

"ನೋಡ್ಲಾ. ಮಂಡ್ಯದಾಗೆ ಹುಟ್ಟಿದ ಮ್ಯಾಲೆ ಬ್ಯಾಕ್ಟೀರಿಯಾನೂ ಸಕ್ಕರೇನೇ ಕೇಳ್ತದೆ ಕಣ್ಲಾ."

ಯೂರಿಯಾ ಕಡಿಮೆ ಮಾಡಿ, ನೀರು ಬಸಿಯಿರಿ ಅಂತ ಹೇಳಿ ಕಳಿಸಿದಳು. ಮಾರನೇ ದಿನ ಅವನು ತನ್ನ ಆಲೆಮನೆಯ ಒಂದು ಚೀಲ ಅಚ್ಚು ಬೆಲ್ಲ ತಂದಿಟ್ಟ. ರಾಗಿ ಹಿಟ್ಟಿನ ಡಬ್ಬಕ್ಕೆ ಹಸಿರು ಬಣ್ಣ ಬಳಿದು ಭತ್ತದ ಕೋಶ ಮಾಡಿದೆವು. ಪಕ್ಕದಲ್ಲೊಂದು ಸ್ಪ್ರಿಂಗ್ ಬಾಗಿಲು. ಕೆಂಪು ಪಟ್ಟಿ ಒಳಗೆ ಹೋಗಿ ಚಿಲಕ ತಳ್ಳಬೇಕು, ಬಾಗಿಲು ತೆಗೆದು ಬೆಲ್ಲ ಹೊರಗೆ ಬೀಳಬೇಕು.

"ಬ್ಯಾಕ್ಟೀರಿಯಾಕ್ಕೆ ಬೆಲ್ಲ ಕೊಟ್ಟಿವ್ನಿ. ಇನ್ನಾರ ನನ್ನ ಗದ್ದೆ ಬುಟ್ಬುಡು ಅಂತ ಹೇಳವ್ವ," ಅಂದ ಗೆಳೆಯ.

ಹನಕೆರೆಯಲ್ಲಿ ಸೀಟು

ತಪಾಸಣೆಯ ದಿನ ಬೆಳಗಿನ ರೈಲು. ಕಾಲಿಡಲು ಜಾಗವಿಲ್ಲ. ಸೂಜಿಯನ್ನು ನಾನು ತಬ್ಬಿಕೊಂಡಿದ್ದೆ, ಡಬ್ಬ ಅವಳ ಕೈಲಿ.

ಎದುರಿಗೆ ಕೂತಿದ್ದ ಹೆಂಗಸು ಕೇಳಿದಳು. "ಏನ್ ಸಾಮಿ ಅದು?"

"ಬ್ಯಾಕ್ಟೀರಿಯಾ."

"ಅಂಟ್ತದಾ?"

"ಮುಟ್ಟಿದ್ರೆ."

ಎದುರುಬದುರಿನ ಎರಡೂ ಸೀಟು ಖಾಲಿಯಾದವು. ನಾವು ಕೂತೆವು. ಹನಕೆರೆಯಲ್ಲಿ ಒಬ್ಬ ಹಾಲಿನ ಕ್ಯಾನು ಹಿಡಿದು ಹತ್ತಿದ. "ಇಷ್ಟು ಜಾಗ ಇಟ್ಕಂಡು ಎಲ್ರೂ ಬಾಗ್ಲಲ್ಲಿ ನಿಂತವ್ರಲ್ಲ!" ಎನ್ನುತ್ತ ಬಂದು ಕೂತ. ಕ್ಯಾನು ಸೂಜಿಯ ತುದಿಗೆ ಗುದ್ದಿತು. ನಾನು ಅಷ್ಟಾಗಿ ಗಮನಿಸಲಿಲ್ಲ.

"ಇದೇನಜ್ಜ?" ಅಂದ.

ಹೇಳಿದೆ.

ಮದ್ದೂರಿನವರೆಗೆ ಕಾಲು ಚಾಚಿಕೊಂಡು ಹೋದೆವು.

ಬಾಗಿಲು

ಕಾಲೇಜಿಗೆ ತಪಾಸಣೆಯವರು ಮೂರು ಜನ ಬಂದಿದ್ದರು. ಅವರಲ್ಲಿ ದೊಡ್ಡವರು ಕೂತ ಕೂಡಲೇ ಕಾಫಿ ಲೋಟವನ್ನು ಹಿಂದಕ್ಕೆ ಕಳಿಸಿದರು. "ಸಕ್ಕರೆ ಹಾಕಬೇಡಿ. ಏಳು ವರ್ಷವಾಯಿತು, ನಾನು ಸಿಹಿ ಮುಟ್ಟಿಲ್ಲ." ಹೇಳಿದ ರೀತಿ ನೋಡಿ ಪ್ರಿನ್ಸಿಪಾಲರು ಮೇಜಿನ ಮೇಲಿನ ಮೈಸೂರು ಪಾಕನ್ನೂ ಒಳಗೆ ಕಳಿಸಿದರು.

ಹುಡುಗಿ ಶುರು ಮಾಡಿದಳು. ಪೊರೆ, ಉಂಗುರ, ಸೂಜಿ, ಮೋಟಾರು. ಚೆನ್ನಾಗಿಯೇ ಹೇಳಿದಳು. ಸೂಜಿಯ ತುದಿಯನ್ನು ಡಬ್ಬಕ್ಕೆ ತಾಗಿಸಿದಳು. "ಈಗ ನೋಡಿ ಸರ್," ಅಂದು ಹ್ಯಾಂಡಲ್ ತಿರುಗಿಸಿದಳು.

ಏನೂ ಆಗಲಿಲ್ಲ.

ಇನ್ನೊಮ್ಮೆ ತಿರುಗಿಸಿದಳು. ಪಟ್ಟಿ ಬರಲಿಲ್ಲ. ದೊಡ್ಡವರು ಗಡಿಯಾರ ನೋಡಿಕೊಂಡರು. ಪಕ್ಕದವರು ಫೈಲು ಮುಚ್ಚಿದರು. ಹುಡುಗಿ ನನ್ನ ಕಡೆ ನೋಡಿದಳು. ಕಣ್ಣು ತುಂಬಿತ್ತು.

ಹಾಲಿನ ಕ್ಯಾನು ನೆನಪಾಯಿತು. ಫುಟ್‌ವಾಲ್ವು ಕಚ್ಚಿಕೊಂಡಿದೆ. ಎದ್ದು ಹೋದೆ. ಜೇಬಿನಿಂದ ಸ್ಪ್ಯಾನರು ತೆಗೆದೆ. ನಲವತ್ತು ವರ್ಷ ಎಲ್ಲ ಪಂಪಿಗೂ ಕೊಟ್ಟದ್ದನ್ನೇ ಕೊಟ್ಟೆ. ಒಂದೇ ಏಟು.

ಪಟ್ಟಿ ಸರ್ರನೆ ನುಗ್ಗಿತು. ಬಾಗಿಲು ಫಟ್ಟೆಂದು ತೆರೆಯಿತು. ಅಷ್ಟೂ ಅಚ್ಚು ಬೆಲ್ಲ ದೊಡ್ಡವರ ಫೈಲಿನ ಮೇಲೆ ಸುರಿಯಿತು.

ಪ್ರಿನ್ಸಿಪಾಲರು ಕಣ್ಣು ಮುಚ್ಚಿಕೊಂಡರು.

"ನಿಜವಾದ ಬ್ಯಾಕ್ಟೀರಿಯಾಕ್ಕೂ ಹೀಗೆ ಹೊಡೆಯಬೇಕೇನಮ್ಮ?" ಅಂತ ದೊಡ್ಡವರು ಕೇಳಿದರು.

"ಇಲ್ಲ ಸರ್. ಅದು ರೈಲಲ್ಲಿ ಬರಲ್ಲ."

ಅವರು ನಕ್ಕರು. ಅವರೂ ಹುಡುಗಿಯೂ ಅರ್ಧ ಗಂಟೆ ಮಾತಾಡಿದರು. ಸೂಜಿಯ ಬಾಯಿ ಮುಚ್ಚುವ ಔಷಧಿ ಬಂದರೆ ಬ್ಯಾಕ್ಟೀರಿಯಾವನ್ನು ಕೊಲ್ಲದೆಯೇ ಸುಮ್ಮನಾಗಿಸಬಹುದಂತೆ. ಕೊನೆಗೆ ದೊಡ್ಡವರು ನನ್ನ ಕಡೆ ತಿರುಗಿದರು.

"ತಮ್ಮದು ಯಾವ ವಿಭಾಗ?"

"ಬೋರ್‌ವೆಲ್."

ಫೈಲಿನ ಮೇಲಿನ ಬೆಲ್ಲ ಸರಿಸಿ, 'ವಿಭಾಗ ಮುಂದುವರಿಯಲಿ, ಇವರೇ ಪಾಠ ಮಾಡಲಿ' ಎಂದು ಬರೆದು ಸಹಿ ಹಾಕಿದರು. ಹುಡುಗಿ ಅದನ್ನು ಓದಿದಳು. ತಲೆ ಎತ್ತಿದಾಗ ಗಾಬರಿಯಾದಳು.

"ಸರ್, ನೀವು ಏಳು ವರ್ಷದಿಂದ ಸಿಹಿ..."

ದೊಡ್ಡವರ ಕೆನ್ನೆ ಉಬ್ಬಿತ್ತು. ಅದು ಮೂರನೇ ಅಚ್ಚು.

"ನಾನೇನು ಮಾಡಲಮ್ಮ? ಅದು ಒಳಗಿನಿಂದ ಬಾಗಿಲು ತೆಗೆಸಿಬಿಟ್ಟಿತು."