ಆಯಿಯ ಲಕ್ಷ ಜಪಕ್ಕೆ ಮೂರು ಮಷಿನ್ನಿನ ಸಾಕ್ಷಿ

ಕಂಪ್ಯೂಟರ್ ಕ್ಲಾಸ್ ನಡೆಸುವವರನ್ನು ಶಿವ ನಗಿಸದೆ ಬಿಟ್ಟ ದಿನವಿಲ್ಲ. ಗಡಿಯಾಚೆಯ ಜತ್ತ ಊರಿನಲ್ಲಿ, ಮೂರು ಕಂಪ್ಯೂಟರಿನ ನನ್ನ ಕ್ಲಾಸಿಗೆ ಜಾಗ ಕೊಟ್ಟ ಮನೆಯೊಡತಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದರು. ಲಕ್ಷ ಶಿವನಾಮ ಜಪಿಸುವ ಹರಕೆ ಅವರದು. ದಿನಾ ಪೂಜೆ ಮುಗಿಸಿ ಬಂದು ಎಷ್ಟಾಯಿತೆಂದು ಹೇಳುವರು. ನಾನು ಬರೆದ ಪ್ರೋಗ್ರಾಮ್ ಅದನ್ನು ಕೂಡಿಸಿ ಚೀಟಿ ಛಾಪಿಸುವುದು.

"ಲಕ್ಷ ತುಂಬಿದ ಚೀಟಿ ಜಗಲಿ ಮ್ಯಾಲ ದೇವರ ಮುಂದ ಇಡಬೇಕ ಮಾಸ್ತರಾ. ಆದರ ನಿನ್ನ ಮೂರೂ ಮಷಿನ್ ಒಂದ ಮಾತ ಹೇಳಬೇಕ."

ಆಯಿ ಈಗ ಶಿವನ ಪಾದ ಸೇರಿದ್ದಾರೆ. ಆದರೂ ಬಾಗಿಲಲ್ಲಿ ಯಾರ ನೆರಳು ಬಿದ್ದರೂ ಅವರೇ ಲೆಕ್ಕ ಹೇಳಲು ಬಂದರೆಂದು ಎದ್ದು ನಿಲ್ಲುತ್ತೇನೆ.

೧. ಈಬತ್ತಿ

ಮೊದಲ ಮಷಿನ್ ಭಾಳ ಹಳೆಯದು. ಮೂವತ್ತೆರಡು ಸಾವಿರದ ಏಳುನೂರ ಅರವತ್ತೇಳು ದಾಟಿದರೆ ಅದರಲ್ಲಿ ಸಂಖ್ಯೆ ಮಗುಚಿಕೊಳ್ಳುತ್ತದೆ. ಒಂದು ದಿನ ನೂರೆಂಟು ಕೂಡಿಸಿದ್ದೇ ತಡ, ಚೀಟಿಯಲ್ಲಿ ಮೈನಸ್ ಗೆರೆ.

"ಜಪಾ ಮಾಡಿದ್ರ ಕಮ್ಮಿ ಆಗತೈತೇನೋ?"

"ಇಲ್ರಿ ಆಯಿ, ಇದಕ್ಕ ಅಷ್ಟು ದೊಡ್ಡ ಅಂಕಿ ಹಿಡಿಸಂಗಿಲ್ರಿ."

"ಹ್ಯಾಂಗ ಹಿಡಸತೈತಿ? ದೀಕ್ಷಾನ ಆಗಿಲ್ಲ ಇದಕ್ಕ!" ಎಂದು ಮಾನಿಟರಿನ ಹಣೆಗೆ ಮೂರು ಬೆರಳು ಈಬತ್ತಿ ಎಳೆದರು.

ಅವರು ಹೋದ ಮೇಲೆ ನಾನು ಪ್ರೋಗ್ರಾಮಿನಲ್ಲಿ ದೊಡ್ಡ ಅಂಕಿಗೆ ಜಾಗ ಮಾಡಿದೆ. ಮರುದಿನ ಲೆಕ್ಕ ಸರಿ. ಇಂದಿಗೂ ಮಷಿನ್ ನಿಂತರೆ ಸೋನ್ಯಾಳದಿಂದ ಕ್ಲಾಸಿಗೆ ಬರುವ ಹುಡುಗಿಯರು ಮೊದಲು ಈಬತ್ತಿ ಹುಡುಕುತ್ತಾರೆ.

೨. ಯಾರದೋ ಪುಣ್ಯ

ಆ ಪ್ರೋಗ್ರಾಮನ್ನೇ ಉಳಿದೆರಡು ಮಷಿನ್ನಿಗೆ ಬರೆಯುವಾಗ ಅವಸರದಲ್ಲಿ ಒಂದು ನಕ್ಷತ್ರದ ಗುರುತು (*) ಬಿಟ್ಟೆ. ಜಪದ ಸಂಖ್ಯೆಯ ಬದಲು, ಆ ಸಂಖ್ಯೆಯನ್ನು ಮಷಿನ್ ತನ್ನೊಳಗೆ ಎಲ್ಲಿ ಇಟ್ಟುಕೊಂಡಿದೆಯೋ ಆ ಜಾಗದ ನಂಬರು ಬಂತು. ಒಂದರಲ್ಲಿ ಏಳು ಅಂಕಿ, ಇನ್ನೊಂದರಲ್ಲಿ ಹದಿನೈದು!

ಆಯಿ ಚೀಟಿ ಹಿಡಿದು ಗಾಬರಿಯಾದರು. "ಇಷ್ಟ ನಾ ಏಳ ಜನ್ಮಕ್ಕೂ ಮಾಡಿಲ್ಲ. ಯಾವ ಸಾಧುನ ಪುಣ್ಯಾನೋ ನನ್ನ ಚೀಟಿಗಿ ಬಂದೈತಿ. ಲಗೂನ ತಿರುಗಿ ಕಳಸು, ಪಾಪ, ಅಂವಾ ಹುಡಕತಿರತಾನ!"

೩. ದೂರ ದೂರ

ಬಿಟ್ಟ ನಕ್ಷತ್ರವನ್ನು ಅಂದೇ ಹಾಕಿದ್ದೆ. ಲಕ್ಷ ತುಂಬುವ ಹೊತ್ತಿಗೆ ಆಯಿಯ ಕಾಲು ಸೋತಿದ್ದವು. ಶಿವನೇ, ತಂದೆ, ಇದೊಂದು ಸಲ ಮೂರೂ ಒಂದೇ ಹೇಳಲಿ ಎಂದು ಬೇಡಿಕೊಂಡು ಛಾಪಿಸಿದೆ. ಒಂದು, ಅದರ ಮುಂದೆ ಐದು ಸೊನ್ನೆ. ಮೂರೂ ಚೀಟಿಯಲ್ಲಿ ಅದೇ. ನನ್ನ ಕಣ್ಣು ತುಂಬಿದವು.

ಆಯಿ ಚೀಟಿಗಳನ್ನು ನೋಡಿದರು. ಒಂದಕ್ಕೊಂದು ಒತ್ತಿ ಕುಂತ ಮಷಿನ್ನುಗಳನ್ನು ನೋಡಿದರು. ನಮ್ಮ ಕ್ಲಾಸಿನ ಪರೀಕ್ಷೆಗಳನ್ನು ಕಣ್ಣಾರೆ ಕಂಡವರು.

"ಮಾಸ್ತರಾ, ಇವು ಕಾಪಿ ಹೊಡದಾವು. ದೂರ ದೂರ ಕುಂದರಿಸಿ ಮತ್ತ ಬರಸು."

ಮೂರನ್ನೂ ಹೊತ್ತು ಮೂರು ಮೂಲೆಗೆ ಇಟ್ಟೆ. ಮತ್ತೆ ಅದೇ ಲಕ್ಷ. ಆಗ ಚೀಟಿ ದೇವರ ಜಗಲಿ ಏರಿತು.

ವಾಯರ್ ಕಾಲಿಗೆ ತೊಡರುತ್ತವೆ, ಕ್ಲಾಸಿನ ಮಕ್ಕಳು ಬೈಯುತ್ತಾರೆ. ಆದರೂ ಮೂರೂ ಇನ್ನೂ ಆ ಮೂಲೆಗಳಲ್ಲೇ ಇವೆ. ಒಟ್ಟಿಗೆ ಕುಂದರಿಸೋಣವೆಂದರೆ ಆಯಿಯ ಅಪ್ಪಣೆ ಆಗಿಲ್ಲ.